ಕೌದಿ ಮರೀಬ್ಯಾಡ್ರಿ, ಕೊಳ್ಳಪಟ್ಟಿ ನಂಬಬ್ಯಾಡ್ರಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಬೀದಿಯಿಂದ ತಂದು ಸಾಕಿದ ನಾಯಿ ಕರಕೊಂಡು ಊರಿಗೆ ಹೋಗೂದು ಹೆಂಗ, ಏನೇನ್ ಸಾಮಾನ ಬೇಕು ಅಂತ ಈ ಸಲ ಭಾಳ ಪತ್ರ ಬಂದಾವ. ಎಲ್ಲಾಕ್ಕೂ ಬರಿಯಾಕ ಜಾಗ ಇಲ್ಲ, ಐದು ಆರಿಸೇನಿ.

ಪ್ರಶ್ನೆ: ನಮಸ್ಕಾರ್ರೀ. ಎರಡು ತಿಂಗಳ ಹಿಂದ ನಮ್ಮ ಓಣ್ಯಾಗಿನ ಒಂದು ಹೆಣ್ಣು ನಾಯೀನ ಮನಿಗೆ ಕರಕೊಂಡೇವಿ, ಕಾಲಿಗೆ ಸ್ಕೂಟರ್ ಬಡದಿತ್ತು, ಈಗ ಆರಾಮ ಐತಿ. ಹೆಸರು ರಾಣಿ, 14 ಕೆಜಿ, ಒಂದು ಕಿವಿ ತುದಿ ಕತ್ತರಿಸಿದಂಗ ಐತಿ. ಮುಂದಿನ ತಿಂಗಳು ಬೆಂಗಳೂರಾಗ ತಂಗಿ ಮಗಳ ಲಗ್ನ, ಬಿಟ್ಟು ಹೋಗಾಕ ಮನ್ಯಾಗ ಯಾರೂ ಇಲ್ಲ, ಕಾರ್‌ನ್ಯಾಗ ಕರಕೊಂಡ ಹೋಗಬೇಕು. ಆದ್ರ ಕಾರಿನ ಬಾಗಲಾ ತಗದ್ರ ಸಾಕು ಗಡಗಡ ನಡಗ್ತಾಳ, ಜೊಲ್ಲು ಸುರಸ್ತಾಳ. ಆನ್‌ಲೈನ್ ನೋಡಿದ್ರ ಬೆಡ್, ಕ್ರೇಟ್, ಜಾಕೆಟ್, ಬೂಟು, ಗಾಗಲ್ ಅಂತ ಪಟ್ಟಿ ಮುಗಿಯೂದ ಇಲ್ಲ. ನಮ್ಮನಿಯವ್ರು ಲಗ್ನದ ಉಡುಗೊರಿಗಿಂತ ನಾಯಿ ಖರ್ಚ ಜಾಸ್ತಿ ಆತು ಅಂತಾರ. ಖರೇ ಏನ್ ಬೇಕು?
— ಗೃಹಿಣಿ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಅಕ್ಕಾರ, ಗಾಗಲ್ ಬ್ಯಾಡ್ರಿ. ಬೂಟೂ ಬ್ಯಾಡ.

ಮೊದಲ ಆ ಕಿವಿ ಮಾತಿಗೆ ಬರೂಣು. ಅದು ಜಗಳದಾಗ ಹರದಿದ್ದು ಇರಲಿಕ್ಕಿಲ್ಲ, ಬೀದಿ ನಾಯಿಗೆ ಸಂತಾನಹರಣ ಆಪರೇಷನ್ ಮಾಡಿದ ಮ್ಯಾಲ ಗುರುತಿಗೆ ಕಿವಿ ತುದಿ ಕತ್ತರಿಸಿ ತಂದ ಜಾಗಕ್ಕ ವಾಪಸ್ ಬಿಡ್ತಾರ. ಅಂದ್ರ ನಿಮ್ಮ ರಾಣಿ ಒಮ್ಮೆ ಬಲಿಯೊಳಗ ಸಿಕ್ಕು, ವ್ಯಾನ್ ಹತ್ತಿ, ಗೊತ್ತಿಲ್ಲದ ಜಾಗದಾಗ ಹೊಟ್ಟಿ ಕೊಯ್ಸ್ಕೊಂಡು ಬಂದಾಳ. ಆಮ್ಯಾಲ ಸ್ಕೂಟರ್ ಬ್ಯಾರೆ ಬಡದೈತಿ. ಅಂಗಡಿಂದ ತಂದ ಮರಿಗೆ ಗಾಡಿ ಅಂದ್ರ ಸವಾರಿ, ಈಕಿಗೆ ಗಾಡಿ ಅಂದ್ರ ಹಿಡಿಯೂ ಮಂದಿ. ನಡಗೂದು ಹಟ ಅಲ್ಲ, ನೆನಪು.

ಅದಕ್ಕ ನಿಮ್ಮ ರೊಕ್ಕ ಮೊದಲ ಹೋಗಬೇಕಾದ್ದು ತಪ್ಪಿಸ್ಕೊಂಡು ಓಡದಂಗ ಮಾಡೂ ಸಾಮಾನಕ್ಕ, ಉಳದದ್ದೆಲ್ಲಾ ಮನ್ಯಾಗ ಐತಿ. ಇದನ್ನ ನಾನು ಕಲ್ತದ್ದು ಪುಸ್ತಕ ಓದಿ ಅಲ್ರೀ. ಮೂರು ವರ್ಷದ ಹಿಂದ ನಮ್ಮ ನಾಯಿ ಕರಿಯಾನ್ನ ಕರಕೊಂಡು ಹಾವೇರಿ ಕಡೆ ಹೊಂಟಿದ್ದೆ, ಶಿಗ್ಗಾಂವಿ ದಾಟಿ ಹೈವೇ ಬಾಜೂಕ ಚಾಕ್ಕ ನಿಂತ್ವಿ, ನಾನು ಬಾಗಲಾ ತಗದ್ನಿ, ಅಷ್ಟರಾಗ ಒಂದು ಲಾರಿ ಹಾರ್ನ್ ಹೊಡೀತು ನೋಡ್ರಿ, ಅಂವ ಮುಂದ ಜಿಗೀಲಿಲ್ಲ, ಹಿಂದ ಸರದ, ತಲಿ ಬಗ್ಗಿಸಿ ಕಿವಿ ಹಿಂದ ಮಾಡಿ ಒಂದ ಸಲ ಹಿಂದಕ್ಕ ಜಗ್ಗಿದ, ಮುಗೀತು. ಕೊಳ್ಳಪಟ್ಟಿ ಬಕಲ್ ಹಾಕಿದ್ದು ಹಾಕಿದಂಗ ನನ್ನ ಕೈಯಾಗಿನ ಚೈನಿಗೆ ನೇತಾಡಾಕತ್ತಿತ್ತು, ಅದರ ಗೆಜ್ಜಿ ಇನ್ನೂ ಸಪ್ಪಳಾ ಮಾಡಾಕತ್ತಿತ್ತು, ನಾಯಿ ಆಗಲೇ ಗೋವಿನಜೋಳದ ಹೊಲದಾಗ. ಹೋಟೆಲಿನ ಹುಡುಗರು ಪಾಪ ಸಹಾಯ ಮಾಡಾಕ ಅಂತ ನಾಕು ಕಡೆಯಿಂದ ಓಡಿದ್ರು, ಅದ ದೊಡ್ಡ ತಪ್ಪಾತು, ಹಿಂಗ ನಾಕು ಮಂದಿ ಸುತ್ತಗಟ್ಟಿ ಓಡಿ ಬಂದದ್ದನ್ನ ಅಂವ ಮೊದಲ ಒಮ್ಮೆ ಕಂಡಾನಲ್ಲ. ಎಲ್ಲಾರನ್ನೂ ಕಳಸಿ, ಕಾರಿನ ಕೌದಿ ತಂದು ಬದುವಿನ ಮ್ಯಾಲ ಹಾಸಿ, ಹೊಲಕ್ಕ ಬೆನ್ನು ಮಾಡಿ ಸುಮ್ಮನ ಕುಂತೆ. ಮೂರು ತಾಸು. ಕತ್ತಲಾಗೂ ಹೊತ್ತಿಗೆ ಹಿಂದಿನಿಂದ ಮೊಣಕೈಗೆ ತಣ್ಣನ ಮೂಗು ತಾಕ್ತು.

ಸಾಮಾನಿನ ಲೆಕ್ಕಕ್ಕ ಬರ್ರಿ. ಕೊಳ್ಳಪಟ್ಟಿ ಇರ್ಲಿ, ಆದ್ರ ಅದು ನಂಬರ್ ಬಿಲ್ಲೆ ಕಟ್ಟಾಕ ಅಷ್ಟ. ಬಿಲ್ಲೆ ಮ್ಯಾಲ ಎರಡು ಫೋನ್ ನಂಬರ್ ಹಾಕಸ್ರಿ, ಲಗ್ನದ ಮನ್ಯಾಗ ಒಂದು ಫೋನ್ ಯಾವಾಗ್ಲೂ ಯಾರೂ ಎತ್ತಂಗಿಲ್ಲ. ಹಿಡಿಯಾಕ ಹಾರ್ನೆಸ್ ಬೇಕು, ಅದೂ ಎರಡು ಪಟ್ಟಿಂದಲ್ಲ, ಮೂರು ಪಟ್ಟೀದು: ಒಂದು ಕುತ್ತಿಗಿಗೆ, ಒಂದು ಮುಂಗಾಲಿನ ಹಿಂದ, ಮೂರನೇದು ಎದಿಗೂಡು ಮುಗದು ನಡಾ ಸಣ್ಣಾಗೂ ಜಾಗಕ್ಕ. ಹಿಂದ ಸರದು ಜಾರೂ ನಾಯೀನ ತಡಿಯೂದು ಆ ಮೂರನೇ ಪಟ್ಟಿ. ಪಟ್ಟಿ ಕೆಳಗ ಎರಡು ಬೆರಳು ಹೋಗಬೇಕು, ಮೂರು ಹೋದ್ರ ಸಡ್ಲ. ಹಾರ್ನೆಸ್‌ಗೆ ಒಂದು, ಕೊಳ್ಳಪಟ್ಟಿಗೆ ಒಂದು ಅಂತ ಎರಡು ಹಗ್ಗ ಹಾಕ್ರಿ, ಒಂದು ಕೈಯಾಗ, ಇನ್ನೊಂದು ನಿಮ್ಮ ನಡಾಕ್ಕ. ಗುಂಡಿ ಒತ್ತಿದ್ರ ಉದ್ದ ಆಗೂ ಸುರುಳಿ ಹಗ್ಗ ಬ್ಯಾಡ, ಕೈ ಜಾರಿದ್ರ ಆ ಪ್ಲಾಸ್ಟಿಕ್ ಡಬ್ಬಿ ದಡದಡ ಅಂತ ಹಿಂದ ಬೆನ್ನಟ್ಟತೈತಿ, ಅಂಜಿದ ನಾಯಿ ಇನ್ನೂ ಜೋರ್ ಓಡತೈತಿ. ಕಾರೊಳಗ ಸೀಟ್‌ಬೆಲ್ಟ್ ಕ್ಲಿಪ್ ಹಾಕ್ರಿ, ಆದ್ರ ಹಾರ್ನೆಸ್‌ಗೆ, ಕೊಳ್ಳಪಟ್ಟಿಗೆ ಹಾಕಿದ್ರ ಬ್ರೇಕ್ ಹೊಡದಾಗ ಕುತ್ತಿಗಿ ಜಗ್ಗತೈತಿ. ಮತ್ತ ಒಂದು ನೇಮ ಹಚ್ಕೊಳ್ರಿ, ಹಗ್ಗ ಕೈಗೆ ಬಂದ ಮ್ಯಾಲ ಬಾಗಲಾ, ಮೊದಲ ಬಾಗಲಾ ಅಲ್ಲ.

ಇಷ್ಟ ಖರೀದಿ. ಬೆಡ್ ಬದಲಿ ಆಕಿ ದಿನಾ ಮಲಗೂ ಕೌದಿ ಹಾಕ್ರಿ, ಹೋಗೂದಕ್ಕ ಮೊದಲ ಒಗೀಬ್ಯಾಡ್ರಿ, ಅದರ ವಾಸನೀನ ಆಕಿಗೆ ಮನಿ. ನಿಮ್ಮ ಬೀಗರು ಮೂಗು ಮುರದ್ರ ಮುರೀಲಿ. ನೀರಿಗೆ ಮನ್ಯಾಗಿನ ಸ್ಟೀಲ್ ಬೋಗಣಿ ಸಾಕು. ದಿನಕ್ಕ ಕೆಜಿಗೆ ಸುಮಾರು 60 ಎಂಎಲ್ ನೀರು ಅಂದ್ರ ರಾಣಿಗೆ ಮುಕ್ಕಾಲು ಲೀಟರಿಗೂ ಹೆಚ್ಚು, ಬ್ಯಾಸಗ್ಯಾಗ ಇನ್ನೂ ಬೇಕು, ಕ್ಯಾನ್‌ನ್ಯಾಗ ಮನಿ ನೀರ ತಗೊಳ್ರಿ. ಹಳೇ ಟವೆಲ್ ಎರಡು, ಹಳೇ ಪೇಪರ್ ಒಂದು ಕಟ್ಟು, ಆಂಟಿ ರೇಬೀಸ್ ಹಾಕಿಸಿದ ಕಾರ್ಡು.

ನಿಮಗ ಒಂದು ತಿಂಗಳು ಟೈಮ್ ಐತಿ, ಅದು ದೊಡ್ಡದು. ಮೊದಲ ವಾರ ಕಾರ್ ಬಂದ್ ಇರ್ಲಿ, ಎರಡೂ ಕಡೆ ಬಾಗಲಾ ತಗದು ಒಳಗ ರೊಟ್ಟಿ ಚೂರು ಇಟ್ಟು ನೀವು ಸೀಟಿನ್ಯಾಗ ಕುಂತು ಕಾಯಿಪಲ್ಯೆ ಸೋಸ್ರಿ, ಕರೀಬ್ಯಾಡ್ರಿ, ಬಂದ್ರ ಬರ್ತಾಳ ಇಲ್ಲಾಂದ್ರ ಇಲ್ಲ. ಆಮ್ಯಾಲ ಎಂಜಿನ್ ಚಾಲೂ ಮಾಡಿ ಬಂದ್ ಮಾಡೂದು, ಆಮ್ಯಾಲ ಓಣಿ ತುದಿ, ಆಮ್ಯಾಲ ಉಣಕಲ್ ಕೆರಿ ತನಕಾ ಹೋಗಿ ಅಡ್ಡಾಡಿಸಿ ವಾಪಸ್. ಕಾರ್ ಹತ್ತಿದಾಗೆಲ್ಲಾ ಡಾಕ್ಟ್ರ ಸೂಜಿಯೊಳಗ ಮುಗದ್ರ ಆಕಿ ಅಂಜೂದು ಬರೋಬ್ಬರಿನ ಅಲ್ಲೇನ್ರಿ? ಇಷ್ಟಾದ್ರೂ ಜೊಲ್ಲು, ವಾಂತಿ ನಿಲ್ಲಲಿಲ್ಲಾಂದ್ರ ವೆಟರ್ನರಿ ಡಾಕ್ಟ್ರ ಕಡೆ ತೂಕಕ್ಕ ತಕ್ಕ ಔಷಧ ಬರಸ್ಕೊಳ್ರಿ, ನಮ್ಮ ನಿಮ್ಮ ವಾಂತಿ ಗುಳಿಗಿ, ನಿದ್ದಿ ಗುಳಿಗಿ ಅರ್ಧಾ ಮುರದು ಹಾಕೂ ಶ್ಯಾಣ್ಯಾತನ ಬ್ಯಾಡ.

ಹೋಗೂ ದಿನ ಹೊಂಡೂದಕ್ಕ ನಾಕು ತಾಸು ಮೊದಲ ಹಗೂರಕ ಉಣಿಸಿ ಬಿಡ್ರಿ. ಬೆಂಗಳೂರು ಇಲ್ಲಿಂದ 400 ಕಿಲೋಮೀಟರ್ ಮ್ಯಾಲ, ನಸಿಕಿನ್ಯಾಗ ಹೊಂಟ್ರ ಬಿಸಲೇರೂದ್ರಾಗ ಚಿತ್ರದುರ್ಗ ದಾಟ್ತೀರಿ. ಎರಡು ತಾಸಿಗೊಮ್ಮೆ ನಿಂದರ್ರಿ, ಧಾಬಾ ಮುಂದಲ್ಲ, ಗದ್ದಲ ಇಲ್ಲದ ಕಡೆ. ಕೈ ಹಿಂಭಾಗ ಡಾಂಬರಿಗೆ ಏಳು ಸೆಕೆಂಡ್ ಇಟ್ಟು ನೋಡ್ರಿ, ನಿಮಗ ತಡಿಯಾಕ ಆಗಲಿಲ್ಲಾಂದ್ರ ಆಕಿ ಪಾದಕ್ಕೂ ಆಗಂಗಿಲ್ಲ. ಕಿಡಕಿ ಗಾಜು ಒಂದೀಟ ಇಳಿಸೇನಿ ಅಂತ ಕಾರೊಳಗ ಒಬ್ಬಾಕಿನ್ನ ಬಿಟ್ಟು ಊಟಕ್ಕ ಹೋಗಬ್ಯಾಡ್ರಿ, ಹತ್ತು ನಿಮಿಷದಾಗ ಒಳಗಿನ ಕಾವು ಹತ್ತು ಡಿಗ್ರಿ ಏರತೈತಿ. ನಾಯಿ ಮೈ ಬಿಸಿ ಸಹಜ ಇದ್ರ 101ರಿಂದ 102.5 ಫ್ಯಾರನ್‌ಹೀಟ್, 104 ದಾಟಿದ್ರ ಅಪಾಯ. ವಸಡು ಕೆಂಪಗಾಗಿ ದಪ್ಪ ಜೊಲ್ಲು ಬಂದು ತೇಕಾಕ ಹತ್ತಿದ್ರ ಮೈಗೆಲ್ಲಾ ತಣ್ಣೀರು ಹಾಕಿ ಗಾಳಿ ಬಿಟ್ಟು ಸೀದಾ ಡಾಕ್ಟ್ರ ಕಡೆ. ಒದ್ದಿ ಟವೆಲ್ ಹೊಚ್ಚಿ ಹಂಗ ಬಿಟ್ರ ಕಾವು ಒಳಗ ಉಳೀತೈತಿ.

ಮತ್ತ ಅಕ್ಕಾರ, ಕಲ್ಯಾಣ ಮಂಟಪಕ್ಕ ಮಾತ್ರ ಒಯ್ಯಬ್ಯಾಡ್ರಿ. ಬ್ಯಾಂಡು, ಪಟಾಕಿ, ಮಂದಿ. ತಂಗಿ ಮನ್ಯಾಗ ಒಂದು ಖೋಲಿ, ಒಳಗ ಕೌದಿ, ಬಾಗಲಿಗೆ "ತಗೀಬ್ಯಾಡ್ರಿ" ಅಂತ ಚೀಟಿ.

ಪ್ರಶ್ನೆ: ಸರ್, ನಾನು ಗದಗದಾಗ ಓದ್ತೇನಿ. ಯಾರೋ ಬಿಟ್ಟು ಹೋಗಿದ್ದ ಮುಧೋಳ ನಾಯಿ ಸಿಕ್ಕೈತಿ, ಒಂದು ವರ್ಷದ್ದು ಇರಬಹುದು. ಬೆಂಗಳೂರಿಗೆ ಟ್ರೇನ್‌ನ್ಯಾಗ ಸ್ಲೀಪರ್‌ನ್ಯಾಗ ಸೀಟ್ ಕೆಳಗ ಮಲಗಿಸ್ಕೊಂಡು ಹೋಗಬಹುದೇನು? ಟಿಟಿಗೆ ಹೇಳಿದ್ರ ಆಗತೈತಿ ಅಂತ ಫ್ರೆಂಡ್ಸ್ ಅಂತಾರ.
— ವಿದ್ಯಾರ್ಥಿ, ಗದಗ-ಬೆಟಗೇರಿ

ಉತ್ತರ: ತಮ್ಮಾ, ನಿನ್ನ ಫ್ರೆಂಡ್ಸ್ ದಂಡ ಕೊಡ್ತಾರೇನು ಕೇಳು. ಸ್ಲೀಪರ್, ಥರ್ಡ್ ಎಸಿ, ಸೆಕೆಂಡ್ ಎಸಿ, ಚೇರ್ ಕಾರ್, ಯಾವುದರಾಗೂ ನಾಯಿಗೆ ಪರವಾನಗಿ ಇಲ್ಲ, ಬುಕ್ ಮಾಡದ ನಾಯಿ ಸಿಕ್ರ ಲಗೇಜ್ ದರದ ಆರು ಪಟ್ಟು ವಸೂಲಿ. ದಾರಿ ಇರೂವು ಎರಡ. ಒಂದು, ಫಸ್ಟ್ ಎಸಿಯೊಳಗ ಎರಡು ಬರ್ತಿನ ಕೂಪೆ ಅಥವಾ ನಾಕು ಬರ್ತಿನ ಕ್ಯಾಬಿನ್ ಪೂರ್ತಿ ನಿಮ್ಮ ಮಂದಿ ಹೆಸರಿಗೆ ಇರಬೇಕು, ಕೂಪೆನ ಕೊಡ್ರಿ ಅಂತ ಮೊದಲ ಅರ್ಜಿ ಹಾಕಬೇಕು. ಎಲ್ಲಾ ಟ್ರೇನಿಗೂ ಫಸ್ಟ್ ಎಸಿ ಡಬ್ಬಿ ಇರಂಗಿಲ್ಲ, ಟಿಕೆಟ್ ತಗಿಯೂ ಮೊದಲ ನೋಡ್ಕೋ. ಎರಡನೇದು, ಗಾರ್ಡ್ ಡಬ್ಬಿಯೊಳಗಿನ ನಾಯಿ ಪೆಟ್ಟಿಗಿ. ಎರಡಕ್ಕೂ ಪಾರ್ಸಲ್ ಆಫೀಸಿನ್ಯಾಗ ಬುಕಿಂಗ್, ಲಸಿಕಿ ಕಾರ್ಡು, ಪ್ರಯಾಣಕ್ಕ ಒಂದೆರಡು ದಿನ ಮೊದಲ ತಗೊಂಡ ಡಾಕ್ಟ್ರ ಸರ್ಟಿಫಿಕೇಟ್ ಬೇಕು. ನಿಮ್ಮ ಗದಗದಾಗ ವೆಟರ್ನರಿ ಕಾಲೇಜ ಐತಿ, ಅಲ್ಲೇ ತೋರಿಸ್ಕೊಂಡು ಬಾ.

ಗಾರ್ಡ್ ಡಬ್ಬಿ ಇರೂದು ಟ್ರೇನಿನ ತುದಿಗೆ ಅನ್ನೂದು ನೆನಪಿರ್ಲಿ, ಹುಬ್ಬಳ್ಳ್ಯಾಗ ಹತ್ತೂದಿದ್ರ ಮತ್ತೂ ಲಗೂ ಬಾ, ಅಲ್ಲಿ 2023ರಾಗ ಉದ್ಘಾಟನೆ ಆದ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಾಗ ಉದ್ದಂದು ಅಂತ ಹೆಮ್ಮಿ ಪಡೂದು ಚಂದ, ಅಂಜಿದ ನಾಯೀನ ಜಗ್ಗಿಕೋತ ಅದರ ಮ್ಯಾಲ ಓಡೂದು ಚಂದಲ್ಲ. ನನ್ನ ಮಾತು ಕೇಳೂದಿದ್ರ, ಈಗಷ್ಟ ಸಿಕ್ಕ ನಾಯೀನ ಆ ಕತ್ತಲ ಪೆಟ್ಟಿಗ್ಯಾಗ ಒಂದು ರಾತ್ರಿ ಹಾಕಬ್ಯಾಡ. ಮೂರು ದಿನ ಅಂಜಿಕಿ, ಮೂರು ವಾರ ರೂಢಿ, ಮೂರು ತಿಂಗಳು ವಿಶ್ವಾಸ ಅಂತ ಸಾಕಾವ್ರ ಲೆಕ್ಕ ಐತಿ, ಅದು ಮುಗೀಲಿ. ಅವಸರ ಇದ್ರ ನಾಕು ಗೆಳ್ಯಾರು ಕೂಡಿ ಕಾರ್ ಮಾಡ್ರಿ.

ಮುಧೋಳ ಅಂದ್ರ 2005ರಾಗ ಅಂಚೆ ಚೀಟಿ ಮ್ಯಾಲ ಬಂದ ತಳಿ, ಕೊಳ್ಳಪಟ್ಟಿ ವಿಷಯದಾಗ ಮಾತ್ರ ಭಾಳ ಮೋಸದ್ದು, ಯಾಕಂದ್ರ ತಲಿಗಿಂತ ಕುತ್ತಿಗಿನ ದಪ್ಪ. ಸಾದಾ ಪಟ್ಟಿ ಎಷ್ಟ ಬಿಗದ್ರೂ ಜಾರತೈತಿ. ಜಗ್ಗಿದಾಗ ಅಷ್ಟ ಬಿಗಿ ಆಗಿ ಬಿಟ್ಟಾಗ ಸಡ್ಲಾಗೂ ಮಾರ್ಟಿಂಗೇಲ್ ಪಟ್ಟಿ ಅಂತ ಬರತೈತಿ, ಅದನ್ನ ಕೇಳು. ಮೈಮ್ಯಾಲ ಕೊಬ್ಬಿಲ್ಲ, ಕೂದಲಾ ಗಿಡ್ಡ, ಎಸಿಯೊಳಗ ಥಂಡಿ ಹತ್ತತೈತಿ, ಬರೇ ನೆಲದ ಮ್ಯಾಲ ಮಲಗಿದ್ರ ಮೊಣಕೈ ಕಿತ್ತತೈತಿ. ದಪ್ಪ ಕಂಬಳಿ ಒಂದು ಬೇಕ ಬೇಕು.

ಪ್ರಶ್ನೆ: ನಮ್ಮಪ್ಪನ ಕಾಲದಾಗ ನಾಯಿ ಚಕ್ಕಡಿ ಕೆಳಗ ನಡಕೋತ ಬ್ಯಾಡಗಿ ಸಂತಿಗೆ ಬಂದು ಹೋಗ್ತಿದ್ವು, ಬೆಲ್ಟೂ ಇಲ್ಲ ಬಾಟ್ಲಿನೂ ಇಲ್ಲ. ಇದೆಲ್ಲಾ ರೊಕ್ಕ ಹೆಚ್ಚಾದವರ ಸೋಗಲ್ಲೇನ್ರಿ?
— ರೈತರು, ಹಾವೇರಿ ಜಿಲ್ಲೆ

ಉತ್ತರ: ಅಣ್ಣಾರ, ಅರ್ಧಾ ಒಪ್ಪಿದೆ. ಬಂಡಿ ಕೆಳಗಿನ ನಾಯಿ ತಾನ ಬಂಡಿ ಎಳೀತೇನಿ ಅಂದ್ಕೊಂಡಿತ್ತಂತ ಅಂತ ನಾವು ನಗ್ತೀವಿ, ಆದ್ರ ಅದಕ್ಕ ಅಲ್ಲಿ ನೆಳ್ಳಿತ್ತು, ಎತ್ತಿನ ನಡಿಗಿ ಇತ್ತು, ದಾರಿ ಪೂರಾ ವಾಸನಿ ಗುರುತಿತ್ತು, ತಪ್ಪಿದ್ರೂ ಮನಿಗೆ ಬರ್ತಿತ್ತು. ಕಾರ್‌ನ್ಯಾಗ 80ರ ಸ್ಪೀಡಿಗೆ ಒಯ್ದು ಇಳಿಸಿದ ನಾಯಿಗೆ ಹಿಂದಿನ ದಾರಿ ಗೊತ್ತಿರಂಗಿಲ್ಲ, ಮುಂದ ಆರು ಲೇನ್ ರಸ್ತಾ. ಅದಕ್ಕ ಹಗ್ಗ. ಸೋಗಿನ ಸಾಮಾನೂ ಭಾಳ ಅದಾವು, ಅದರಾಗ ಸುಳ್ಳಿಲ್ಲ.

ಪ್ರಶ್ನೆ: ನಮ್ಮ ಮೂರು ಕಾಲಿನ ಶೇರೂನ್ನ ಕರಕೊಂಡು ದಾಂಡೇಲಿಗೆ ಎರಡು ದಿನ ಹೋಗೂ ವಿಚಾರ ಐತಿ. ಕಾಡಿನ್ಯಾಗ ಅಡ್ಡಾಡಿಸಬಹುದೇ? ಉಣ್ಣಿ ಭಯ.
— ನಿವೃತ್ತ ಮಾಸ್ತರು, ಸಪ್ತಾಪುರ, ಧಾರವಾಡ

ಉತ್ತರ: ಮಾಸ್ತರ, ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗ ನಾಯಿ ಒಯ್ಯಬಾರದು, ನಾಯಿಯಿಂದ ಕಾಡಿನ ಪ್ರಾಣಿಗೆ ರೋಗ, ಕಾಡಿನಿಂದ ನಾಯಿಗೆ ಚಿರತಿ ಕಾಟ. ಹೋಂಸ್ಟೇ ಅಂಗಳದಾಗ ಸಾಕು. ಬುಕ್ ಮಾಡೂ ಮುಂದ "ನಾಯಿ ಐತಿ, ಮೂರ ಕಾಲು ಐತಿ, ಮೆಟ್ಲಾ ಏರಂಗಿಲ್ಲ" ಅಂತ ಮೆಸೇಜಿನ್ಯಾಗ ಬರದು ಒಪ್ಪಿಗಿ ತಗೊಳ್ರಿ, ಬಾಯಿಮಾತು ಅಲ್ಲಿ ಹೋದ ಮ್ಯಾಲ ನಿಲ್ಲಂಗಿಲ್ಲ. ಕಾರಿಗೆ ಜಿಗಿಸಬ್ಯಾಡ್ರಿ, ಉಳದ ಕಾಲಿನ ಮ್ಯಾಲ ಎಲ್ಲಾ ಭಾರ ಬೀಳತೈತಿ. ಎದಿ ಕೆಳಗ ಒಂದು ಕೈ, ಹಿಂಭಾಗಕ್ಕ ಒಂದು ಕೈ ಕೊಟ್ಟು ಎತ್ರಿ. ನುಣುಪು ಟೈಲ್ಸ್ ಇದ್ರ ಹಾಸಾಕ ಒಂದು ಚಾಪಿ ಒಯ್ರಿ.

ಉಣ್ಣಿ ಗುಳಿಗಿ ಅಥವಾ ಬೆನ್ನಿಗೆ ಹಾಕೂ ಹನಿ ಔಷಧ ತೂಕ ನೋಡಿ ಡಾಕ್ಟ್ರು ಕೊಡ್ತಾರ, ಹೋಗೂ ಮುಂಜಾನಿ ಅಲ್ಲ, ಕೆಲವು ದಿನ ಮೊದಲ ಆಗಿರಬೇಕು. ದಿನಾ ಸಂಜಿಕೆ ಬೆರಳ ಸಂದಿ, ಕಿವಿ ಒಳಗ, ಬಾಲದ ಬುಡ, ಪಟ್ಟಿ ಕೆಳಗ ಕೈ ಆಡಿಸ್ರಿ. ಸಿಕ್ರ ಚಿಮಟಾದಿಂದ ಚರ್ಮಕ್ಕ ಹತ್ತಿ ಹಿಡದು ನೆಟ್ಟಗ ಜಗ್ರಿ, ಉಗರಿಲೆ ಒಡೀಬ್ಯಾಡ್ರಿ, ಸೀಮೆಎಣ್ಣಿ ಹಚ್ಚಬ್ಯಾಡ್ರಿ. ಆಮ್ಯಾಲ ನಿಮ್ಮ ಕಾಲೂ ನೋಡ್ಕೊಳ್ರಿ ಮಾಸ್ತರ, 1957ರಾಗ ಸೊರಬ ತಾಲೂಕಿನ ಕ್ಯಾಸನೂರ ಕಾಡಿನ್ಯಾಗ ಪತ್ತೆ ಆದ ಮಂಗನ ಕಾಯಿಲೆ ಹರಡೂದೂ ಉಣ್ಣಿಯಿಂದನ, ಉತ್ತರ ಕನ್ನಡದಾಗೂ ಬಂದು ಹೋಗೇತಿ. ಊರಿಗೆ ಬಂದು ಎರಡು ಮೂರು ವಾರದಾಗ ಶೇರೂ ಊಟ ಬಿಟ್ರ, ವಸಡು ಬೆಳ್ಳಗಾದ್ರ, ಮೂಗಿನ್ಯಾಗ ರಕ್ತ ಬಂದ್ರ ರಕ್ತ ಪರೀಕ್ಷೆ ಮಾಡಸ್ರಿ.

ಪ್ರಶ್ನೆ: ದಾರ್‍ಯಾಗ ನಾಯಿಗೆ ಧಾರವಾಡ ಪೇಡೆ ಕೊಡಬಹುದೇನ್ರಿ? ಭಾಳ ಆಸೆಯಿಂದ ನೋಡತೈತಿ.
— ಓದುಗರು, ಮಾಳಮಡ್ಡಿ, ಧಾರವಾಡ

ಉತ್ತರ: ವಿಷ ಅಲ್ಲ, ಆದ್ರ ಅಷ್ಟು ಸಕ್ಕರಿ ತಿಂದು ಕಾರಿನ ಹಿಂದಿನ ಸೀಟಿನ್ಯಾಗ ಹೊಟ್ಟಿ ಕೆಟ್ರ ತೊಳಿಯಾವ್ರು ನೀವ. ಖರೇ ಅಂಜಬೇಕಾದ್ದು ಗಿರ್ಮಿಟ್‌ಗೆ, ಅದರಾಗಿನ ಉಳ್ಳಾಗಡ್ಡಿ ನಾಯಿ ರಕ್ತಕ್ಕ ಕೆಟ್ಟದ್ದು. ಚಾಕ್ಲೇಟ್, ಒಣದ್ರಾಕ್ಷಿನೂ ನಾಯಿಗೆ ವಿಷ. ಒಂದು ಡಬ್ಬಿಯೊಳಗ ಒಣ ಜೋಳದ ರೊಟ್ಟಿ ಮುರದು ಇಟ್ಕೊಳ್ರಿ, ಪೇಡೆ ಡಬ್ಬಿ ಡಿಕ್ಕಿಯೊಳಗ ಹಾಕ್ರಿ.