ಕಾಲಮಿತಿ ಕತ್ತರಿಸಿದ್ದು ಏನನ್ನು?

ಪ್ರತಿ ವರ್ಷ ಹರಕೆ ಆಟ ಆಡಿಸುವ ಕುಂದಾಪುರದ ಓದುಗರೊಬ್ಬರು ಬರೆದಿದ್ದಾರೆ: "ಕೊರೊನಾ ನಮ್ಮ ಯಕ್ಷಗಾನಕ್ಕೆ ಬುದ್ಧಿ ಕಲಿಸಿತು. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಈಗ ಮಧ್ಯರಾತ್ರಿಗೆ ಮುಗಿಯುತ್ತದೆ. ಬದಲಾದ ಮೇಳಗಳು ಉಳಿದವು. ಹಳೆಯದಕ್ಕಾಗಿ ಹಲುಬುವವರು ಕಾಲವನ್ನು ಅರಿಯದವರಲ್ಲವೇ?"

ಸಂಪಾದಕರ ಉತ್ತರ: ಕಲಾವಿದರ ನಿದ್ದೆ, ಆರೋಗ್ಯ ಸಣ್ಣ ಸಂಗತಿಗಳಲ್ಲ, ಅಷ್ಟನ್ನು ಒಪ್ಪುತ್ತೇನೆ. ಆದರೆ ಕಾಲಕ್ಕೆ ಹೊಂದಿಕೊಳ್ಳುವುದನ್ನು ಅವರು ಕೊರೊನಾದಿಂದ ಕಲಿಯಬೇಕಾಗಿರಲಿಲ್ಲ. ಮೇಳದ ಊರೂರ ತಿರುಗಾಟ ಮುಗಿಯುವ ಮೇ ಕೊನೆಯ ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಮೇಲೆ ಗದ್ದೆಗೋ ಹೋಟೆಲಿಗೋ ದುಡಿಯಲು ಹೋಗಿ, ಚಿಕ್ಕಮೇಳವೆಂಬ ಸಣ್ಣ ತಂಡ ಕಟ್ಟಿಕೊಂಡು ಮನೆಮನೆ ತಿರುಗಿ ಮಳೆಗಾಲ ದಾಟಿದವರು ಅವರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ತಿರುಗಾಟ ಮುಗಿಯಲು ಇನ್ನೂ ಎರಡು ತಿಂಗಳಿತ್ತು. 2021ರ ಏಪ್ರಿಲ್‌ನಲ್ಲಿ ರಾತ್ರಿ ಕರ್ಫ್ಯೂ ಮರುವರ್ಷದ ತಿರುಗಾಟವನ್ನೂ ಮುರಿಯಿತು.

ಆಟವನ್ನು ಮಧ್ಯರಾತ್ರಿಗೇ ಮುಗಿಸುವ ಕಾಲಮಿತಿ ಕೊರೊನಾಕ್ಕೂ ಮೊದಲೇ ಇತ್ತು, ಆಗ ಬೇರೂರಿತು. ಆಟವನ್ನು ಮೊಟಕುಗೊಳಿಸುವಾಗ ಮೊದಲು ಹೋದದ್ದು ಪೂರ್ವರಂಗ, ಅಂದರೆ ಮುಖ್ಯ ಪ್ರಸಂಗಕ್ಕೆ ಮುನ್ನ ನಡೆಯುವ ಭಾಗ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಇವೆಲ್ಲ ಪ್ರೇಕ್ಷಕರು ಬಂದು ಕೂರುವ ಮುನ್ನ ಮುಗಿಯುವ ಭಾಗಗಳೆಂದು ನಿಮಗನ್ನಿಸಬಹುದು. ಆದರೆ ಹೊಸ ಹುಡುಗ ಚೆಂಡೆಯ ಮುಂದೆ ನಿಂತು ತಾಳ ತಪ್ಪಿ, ತಿದ್ದಿಕೊಂಡು, ಸಭಾಕಂಪ ಕಳೆದುಕೊಳ್ಳುತ್ತಿದ್ದದ್ದು ಅಲ್ಲಿಯೇ; ಮುಖ್ಯ ಭಾಗವತರು ಬರುವವರೆಗೆ ಪದ್ಯ ಹೇಳುವ ಸಂಗೀತಗಾರನೂ ಆ ಹೊತ್ತಿನಲ್ಲಿಯೇ ಭಾಗವತನಾಗುತ್ತಿದ್ದ. ನೀವು ಮೆಚ್ಚುವ ಇಂದಿನ ಹಿರಿಯ ವೇಷಧಾರಿಗಳಲ್ಲಿ ಬಹುಪಾಲು ಮಂದಿ ಆ ಬಾಗಿಲಿನಿಂದಲೇ ಒಳಗೆ ಬಂದವರು.

ಸಂಕಟ ಬಂದಾಗ ನಾವು ಎಲ್ಲೆಡೆ ಹೀಗೆಯೇ ಮಾಡುತ್ತೇವೆ. ಪತ್ರಿಕೆಗಳು ಪುಟ ಇಳಿಸಿದವು, ಕಲಿಯಲು ಬಂದ ಹುಡುಗರಿಗೆ ಜಾಗ ಇಲ್ಲವಾಯಿತು. ಇಂದು ಆದಾಯ ತರದ್ದನ್ನು ಕಡಿದುಹಾಕಿ ಅದನ್ನು ದೂರದೃಷ್ಟಿ ಎನ್ನುವುದು ನನಗೆ ಸಹಿಸಲಾಗದ ಮಾತು. ಬೇರೆ ದಾರಿ ಇರಲಿಲ್ಲವೆಂದೂ ಅಲ್ಲ. 2020ರ ಆಗಸ್ಟ್‌ನಲ್ಲಿ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಪಾಠ ಒಯ್ಯುವ ವಿದ್ಯಾಗಮ ಯೋಜನೆ ಶುರುವಾದಾಗ ನಮ್ಮ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಮರದ ಕೆಳಗೆ, ದೇವಸ್ಥಾನದ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, ನಿಜ. ಆದರೂ ಅವರು ಜಾಗ ಬದಲಿಸಿದರು, ಸಮಯ ಬದಲಿಸಿದರು, ಕಲಿಯುವವರನ್ನು ಮಾತ್ರ ಕೈಬಿಡಲಿಲ್ಲ.

ಪ್ರತಿ ವರ್ಷ ಹರಕೆ ಆಟ ಆಡಿಸುತ್ತೇನೆಂದು ನೀವೇ ಬರೆದಿದ್ದೀರಿ. ಇಷ್ಟು ಶ್ರದ್ಧೆಯ ಸೇವಾಕರ್ತರ ಮಾತನ್ನು ಮೇಳದ ಯಜಮಾನರು ತೆಗೆದುಹಾಕಲಾರರು. ಮುಂದಿನ ಆಟ ಗೊತ್ತುಮಾಡಿ ವೀಳ್ಯ ಕೊಡುವಾಗ ಪೂರ್ವರಂಗ ಪೂರ್ತಿಯಾಗಿ ಆಗಬೇಕೆಂದು ಕೇಳಿ, ಅದಕ್ಕೆ ತಗಲುವ ವೆಚ್ಚವನ್ನೂ ಕೊಡಿ. ಆ ಹೊತ್ತಿಗೆ ನೀವೂ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ.