ನೀರು ತಂದವರು ಯಾರು?

ಪ್ರಿಯ ಮಿತ್ರರೇ,

ಕಡಲಿನ ಶಿಲೀಂಧ್ರಗಳಿಂದ ಸಿಗುವ ಔಷಧಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಕಾಗುಣಿತ ಅಚ್ಚುಕಟ್ಟಾಗಿದೆ, ಓದಿಕೊಂಡೇ ಬರೆದಿದ್ದೀರಿ. ಆದರೆ ಎರಡನೇ ಪ್ಯಾರಾ ನನ್ನನ್ನು ಮುಂದೆ ಹೋಗಲು ಬಿಡಲಿಲ್ಲ. ಈ ಪತ್ರ ಅದೊಂದರ ಬಗ್ಗೆಯೇ.

ನಿಮ್ಮ ಸಾಲು: ‘1945ರಲ್ಲಿ ಇಟಲಿಯ ಸಮುದ್ರದ ನೀರಿನಿಂದ ಶಿಲೀಂಧ್ರವೊಂದನ್ನು ಪ್ರತ್ಯೇಕಿಸಲಾಯಿತು.’

ಯಾರು ಪ್ರತ್ಯೇಕಿಸಿದರು? ಜುಸೆಪ್ಪೆ ಬ್ರೋಟ್ಸು. ಸಾರ್ಡೀನಿಯಾ ದ್ವೀಪದ ಕಾಲ್ಯಾರಿಯಲ್ಲಿ ಪ್ರೊಫೆಸರ್. ಅವರು ನೀರು ತಂದದ್ದು ಊರಿನ ಚರಂಡಿ ಕಡಲಿಗೆ ಸೇರುವ ಜಾಗದಿಂದ. ಆ ಕೊಳಕಿನಲ್ಲೇ ಟೈಫಾಯ್ಡ್ ರೋಗಾಣುವನ್ನು ತಡೆಯುವ ಏನೋ ಇರಬೇಕೆಂಬ ಗುಮಾನಿ ಅವರದು. ಸಿಕ್ಕ ಬೂಷ್ಟನ್ನು ಬೆಳೆಸಿ, ಅದರ ರಸವನ್ನು ರೋಗಿಗಳ ಮೇಲೆ ಪ್ರಯೋಗಿಸಿಯೂ ನೋಡಿದರು. ನಿಮ್ಮ ಒಂದು ‘ಲಾಯಿತು’ ಆ ಮನುಷ್ಯನನ್ನೂ ಚರಂಡಿಯನ್ನೂ ಟೈಫಾಯ್ಡನ್ನೂ ಒಟ್ಟಿಗೆ ಒರೆಸಿಹಾಕಿದೆ.

ಈ ‘ಲಾಯಿತು’ ಕಂಡರೆ ನನಗೆ ತಡೆಯುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಲ್ಪೆಯಿಂದ ಒಂದು ವರದಿ ಬರೆದಿದ್ದೆ: ‘ಮುಳುಗಿದ ದೋಣಿಯನ್ನು ಮೇಲೆತ್ತಲಾಯಿತು.’ ನಮ್ಮ ಹಿರಿಯ ಉಪಸಂಪಾದಕರು ಆ ಪದದ ಕೆಳಗೆ ಕೆಂಪು ಗೆರೆ ಎಳೆದು, ‘ಯಾರಪ್ಪಾ ಎತ್ತಿದ್ದು?’ ಅಂದರು. ನನಗೆ ಗೊತ್ತಿರಲಿಲ್ಲ. ಮರುದಿನ ಮತ್ತೆ ಬಸ್ಸು ಹತ್ತಿದೆ. ಎತ್ತಿದವರು ಹನ್ನೊಂದು ಜನ. ಒಬ್ಬರ ಅಂಗೈಯಲ್ಲಿ ಹಗ್ಗ ಕೊರೆದ ಗಾಯ ಇನ್ನೂ ಹಸಿಯಾಗಿತ್ತು. ವರದಿ ಅಲ್ಲಿತ್ತು, ನಾನು ಬರೆದದ್ದರಲ್ಲಿ ಇರಲಿಲ್ಲ.

ಇನ್ನು ನಿಮ್ಮ ಮುಂದಿನ ಸಾಲು: ‘ಅದರಿಂದ ಸೆಫಲೊಸ್ಪೊರಿನ್ ಔಷಧವನ್ನು ತಯಾರಿಸಲಾಯಿತು.’

ಈ ‘ಅದರಿಂದ’ ಎಂಬ ನಾಲ್ಕಕ್ಷರದಲ್ಲಿ ಹತ್ತೊಂಬತ್ತು ವರ್ಷ ಹೂತುಹೋಗಿದೆ. ಬ್ರೋಟ್ಸು 1948ರಲ್ಲಿ ಬೂಷ್ಟನ್ನು ಆಕ್ಸ್‌ಫರ್ಡ್‌ಗೆ ಕಳಿಸಿದರು. ಅಲ್ಲಿ ವಿಜ್ಞಾನಿಗಳಾದ ಎಡ್ವರ್ಡ್ ಅಬ್ರಹಾಂ ಮತ್ತು ಗೈ ನ್ಯೂಟನ್ ಅದರ ರಸವನ್ನು ಸೋಸುತ್ತಾ ಕೂತರು. ಟೈಫಾಯ್ಡ್ ರೋಗಾಣುವನ್ನು ತಡೆಯುತ್ತಿದ್ದದ್ದು ಮುಖ್ಯವಾಗಿ ಒಂದು ಬಗೆಯ ಪೆನಿಸಿಲಿನ್ ಎಂದು ತಿಳಿಯಿತು. ಅದನ್ನು ಶುದ್ಧ ಮಾಡುವಾಗ, 1953ರಲ್ಲಿ, ಜೊತೆಗೆ ಚೂರೇ ಚೂರು ಬೇರೊಂದು ವಸ್ತು ಸಿಕ್ಕಿತು: ಸೆಫಲೊಸ್ಪೊರಿನ್ ಸಿ. ಅದರ ಶಕ್ತಿ ಕಡಿಮೆ. ಆದರೆ ಪೆನಿಸಿಲಿನ್ನನ್ನು ಮುರಿಯಲು ರೋಗಾಣುಗಳು ಬಿಡುವ ಕಿಣ್ವಕ್ಕೆ ಅದು ಜಗ್ಗಲಿಲ್ಲ. 1961ರಲ್ಲಿ ರಸಾಯನ ವಿಜ್ಞಾನಿ ಡೊರೊಥಿ ಹಾಡ್ಜ್‌ಕಿನ್ ಎಕ್ಸ್‌ರೇ ಮೂಲಕ ಸೆಫಲೊಸ್ಪೊರಿನ್ ಸಿ ಅಣುವಿನ ರಚನೆಯನ್ನು ಖಚಿತಪಡಿಸಿದರು. ಅದರ ಮೂಲ ಚೌಕಟ್ಟನ್ನು ಉಳಿಸಿಕೊಂಡು ಪಕ್ಕದ ಕೊಂಡಿಗಳನ್ನು ಬದಲಿಸಿದ ಮೇಲೆ, 1964ರಲ್ಲಿ ಮೊದಲ ಔಷಧ ರೋಗಿಗಳಿಗೆ ಸಿಕ್ಕಿತು.

ಅಂದರೆ ಬ್ರೋಟ್ಸು ಹುಡುಕಿದ್ದೇ ಒಂದು, ಜಗತ್ತಿಗೆ ದಕ್ಕಿದ್ದೇ ಇನ್ನೊಂದು. ಆದರೂ ಇವತ್ತು ನಮ್ಮ ಡಾಕ್ಟರುಗಳು ಟೈಫಾಯ್ಡ್‌ಗೆ ಬರೆದುಕೊಡುವ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಅದೇ ಸೆಫಲೊಸ್ಪೊರಿನ್ ಮನೆತನದವು. ಕಾಲ್ಯಾರಿಯ ಚರಂಡಿಯ ಬಾಯಲ್ಲಿ ಶುರುವಾದದ್ದು ಸುತ್ತಿ ಬಳಸಿ ಟೈಫಾಯ್ಡ್‌ಗೇ ಬಂದು ನಿಂತಿದೆ. ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಎರಡು ಸಾಲಿನಲ್ಲಿ ದಾಟಿಬಿಟ್ಟಿರಲ್ಲ, ನನ್ನ ಸಂಕಟ ಅದು.

‘ಸಮುದ್ರವು ಔಷಧಗಳ ಆಗರ’ ಎಂದು ಶುರುವಾಗುವ ಮೊದಲ ಪ್ಯಾರಾ ತೆಗೆದುಹಾಕಿ. ಎರಡನೆಯದನ್ನು ಮೂರು ಪುಟ ಮಾಡಿ. ಪ್ರತಿ ‘ಲಾಯಿತು’ ಹತ್ತಿರವೂ ನಿಂತು ಯಾರು ಅಂತ ಕೇಳಿಕೊಳ್ಳಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಜಾಗ ಹಿಡಿದಿಟ್ಟಿದ್ದೇನೆ. ಇಪ್ಪತ್ತನೇ ತಾರೀಕಿನೊಳಗೆ ಕಳಿಸಿ.