ಮಗಳಿಗೂ ಅಪ್ಪನಿಗೂ ಹಲ್ಲು ಕೀಳಿಸಬೇಕು, ಏನೆಲ್ಲ ಆಗುತ್ತದೆ?

ನಿಮ್ಮ 7 ವರ್ಷದ ಮಗಳ ಕೆಳದವಡೆಯ ಹಾಲುಹಲ್ಲು ಹುಳುಕಾಗಿ ಕೀವು ತುಂಬಿದೆ, ತೆಗೆಯಬೇಕು ಅಂದಿದ್ದಾರೆ. ನಿಮ್ಮ ಅಪ್ಪನಿಗೂ ಮೇಲಿನ ದವಡೆ ಹಲ್ಲೊಂದನ್ನು ಕೀಳಿಸಬೇಕು. ಅವರಿಗೆ ಶುಗರ್ ಇದೆ, ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದ್ದಾರೆ, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುತ್ತಾರೆ. ಎಷ್ಟು ನೋವಾಗುತ್ತದೆ, ಆಮೇಲೆ ಏನು ಎಂದು ಕೇಳಿದ್ದೀರಿ. ನಾನು ದಂತವೈದ್ಯೆ, ತಾಲ್ಲೂಕು ಕೇಂದ್ರವೊಂದರಲ್ಲಿ ಕ್ಲಿನಿಕ್ ಇಟ್ಟಿದ್ದೇನೆ. ಇಂಥ ಅಪ್ಪಂದಿರನ್ನೂ ಮಕ್ಕಳನ್ನೂ ದಿನವೂ ನೋಡುತ್ತೇನೆ.

ಮೊದಲು ಅಪ್ಪನ ಮಾತ್ರೆಯ ವಿಷಯ ಹೇಳಿಬಿಡುತ್ತೇನೆ. ಹಲ್ಲು ಕೀಳಿಸಬೇಕು ಅಂದ ಕೂಡಲೇ ಅಕ್ಕಪಕ್ಕದವರ ಮಾತು ಕೇಳಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನಿಲ್ಲಿಸಿ ಬರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಲ್ಲಿನ ಗುಳಿಯಿಂದ ರಕ್ತ ಸ್ವಲ್ಪ ಜಾಸ್ತಿ ಹೊತ್ತು ಬಂದರೆ ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಯಾವ ಮಾತ್ರೆಯನ್ನೂ ಹೃದಯದ ಡಾಕ್ಟರನ್ನು ಕೇಳದೆ ಬಿಡಬಾರದು. ಎಲ್ಲ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯಿರಿ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ, ದವಡೆ ಮೂಳೆ ಮಾಯುವುದಕ್ಕೂ ಅದಕ್ಕೂ ಸಂಬಂಧವಿದೆ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ. ತಿಂಡಿ ತಿಂದು, ಶುಗರ್ ಮಾತ್ರೆಯನ್ನು ಎಂದಿನಂತೆ ನುಂಗಿ, ಬೆಳಗಿನ ಹೊತ್ತಿಗೆ ಹೋಗಲಿ.

ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂದು ಯಾರಾದರೂ ಹೆದರಿಸಿರಬಹುದು. ನಮ್ಮ ಕಡೆ ಈ ಮಾತು ಇನ್ನೂ ಇದೆ. ಹಲ್ಲಿಗೆ ಹೋಗುವ ನರವೇ ಬೇರೆ, ನೋಟದ ನರವೇ ಬೇರೆ. ಹಲ್ಲು ಕೀಳಿಸಿದ್ದರಿಂದ ನೋಟ ಹೋಗುವುದಿಲ್ಲ. ಈ ಭಯದಿಂದ ವರ್ಷಗಟ್ಟಲೆ ಕೀವು ಸಹಿಸಿಕೊಂಡು ಕೂತವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ನೋವು. ಸೂಜಿ ಚುಚ್ಚುವಾಗ ಚುರುಕ್ ಅನ್ನುತ್ತದೆ. ಲಿಗ್ನೊಕೇನ್ ಎಂಬ ಔಷಧಿ ಕೊಡುತ್ತಾರೆ, ಅದರ ಜೊತೆ ಸಾಮಾನ್ಯವಾಗಿ ಅಡ್ರಿನಲಿನ್ ಇರುತ್ತದೆ. ಅದರಿಂದ ಕೆಲವರಿಗೆ ಒಂದೆರಡು ನಿಮಿಷ ಎದೆ ಢವಗುಟ್ಟುತ್ತದೆ. 5ರಿಂದ 10 ನಿಮಿಷದಲ್ಲಿ ಮರಗಟ್ಟುತ್ತದೆ. ಆಮೇಲೆ ಚೂಪು ನೋವು ಗೊತ್ತಾಗುವುದಿಲ್ಲ, ಆದರೆ ಒತ್ತಡ ಚೆನ್ನಾಗಿಯೇ ಗೊತ್ತಾಗುತ್ತದೆ. ಹಲ್ಲನ್ನು ನೇರವಾಗಿ ಎಳೆದು ತೆಗೆಯುವುದಿಲ್ಲ. ನೆಲದಲ್ಲಿ ಹೂತ ಗೂಟವನ್ನು ಕೀಳುವ ಹಾಗೆ ಆ ಕಡೆ ಈ ಕಡೆ ಅಲ್ಲಾಡಿಸಿ ಸುತ್ತಲಿನ ಮೂಳೆಯನ್ನು ಸಡಿಲ ಮಾಡುತ್ತಾರೆ. ಕಟಕಟ ಸದ್ದೂ ಕಿವಿಗೆ ಜೋರಾಗಿ ಕೇಳುತ್ತದೆ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ, ಅದಕ್ಕೇ ಜನ ಗಾಬರಿಯಾಗುತ್ತಾರೆ. ಕೀವು ತುಂಬಿದ ಜಾಗದಲ್ಲಿ ಔಷಧಿ ಸರಿಯಾಗಿ ಹಿಡಿಯದೇ ಇರಬಹುದು. ನೋವಾದರೆ ಕೈ ಎತ್ತಿ ನಿಲ್ಲಿಸಲು ಹೇಳಿ, ಇನ್ನೊಂದಿಷ್ಟು ಔಷಧಿ ಕೊಡುತ್ತಾರೆ. ಸುಮ್ನೆ ಹಲ್ಲು ಕಚ್ಚಿ ಸಹಿಸಬೇಕಾಗಿಲ್ಲ.

ಮಗಳಿಗೆ ಸುಳ್ಳು ಹೇಳಬೇಡಿ, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. "ಏನೂ ಮಾಡಲ್ಲ, ಬರೀ ನೋಡ್ತಾರೆ" ಎಂದು ಕರೆತಂದ ಮಗು ಸೂಜಿ ಚುಚ್ಚಿಸಿಕೊಂಡ ಮೇಲೆ ಅಮ್ಮನನ್ನೂ ನಂಬುವುದಿಲ್ಲ, ನನ್ನನ್ನೂ ನಂಬುವುದಿಲ್ಲ. ಮುಂದಿನ ಸಲ ಕುರ್ಚಿಯ ಹತ್ತಿರವೇ ಬರುವುದಿಲ್ಲ. "ಮೊದಲು ವಸಡಿಗೆ ಜೆಲ್ ಹಚ್ತಾರೆ, ಆಮೇಲೆ ಚೂರು ಚುಚ್ಚಿದ ಹಾಗಾಗುತ್ತೆ, ತುಟಿ ದಪ್ಪ ಆದ ಹಾಗೆ ಅನ್ನಿಸುತ್ತೆ, ನಾನು ಪಕ್ಕದಲ್ಲೇ ಇರ್ತೀನಿ" ಎಂದರೆ ಸಾಕು. ಅಳು ಬಂದರೆ ಅಳಲಿ. ಮನೆಯಲ್ಲಿ ಹಟ ಮಾಡಿದಾಗ "ಡಾಕ್ಟರ್ ಹತ್ರ ಇಂಜೆಕ್ಷನ್ ಕೊಡಿಸ್ತೀನಿ" ಅನ್ನುವುದನ್ನೂ ಬಿಟ್ಟುಬಿಡಿ.

ತೆಗೆಸುವ ಮುಂಚೆ ಎರಡು ಪ್ರಶ್ನೆ ಕೇಳಿ. ಹಾಲುಹಲ್ಲಿಗೂ ರೂಟ್ ಕೆನಾಲ್ ಥರದ ಚಿಕಿತ್ಸೆ ಇದೆ, ಅದರಿಂದ ಈ ಹಲ್ಲು ಉಳಿಯುತ್ತದಾ? ಉಳಿಯದಿದ್ದರೆ ಜಾಗ ಕಾಯುವ ಸ್ಪೇಸ್ ಮೆಂಟೇನರ್ ಬೇಕಾ? "ಹಾಲುಹಲ್ಲು ತಾನೇ, ಹೇಗೂ ಬೀಳುತ್ತೆ" ಎಂಬ ಮಾತಿನಿಂದ ಆಗುವ ನಷ್ಟ ಚಿಕ್ಕದಲ್ಲ. ದವಡೆಯ ಹಾಲುಹಲ್ಲಿನ ಜಾಗಕ್ಕೆ ಹೊಸ ಹಲ್ಲು ಬರುವುದು 10ರಿಂದ 12 ವರ್ಷದ ಹೊತ್ತಿಗೆ. ಅಲ್ಲಿಯತನಕ ಜಾಗ ಖಾಲಿ ಬಿಟ್ಟರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ದಾರಿ ಮುಚ್ಚುತ್ತದೆ. ಹಾಗಾದಾಗ ಬರಬೇಕಾದ ಹಲ್ಲು ಸೊಟ್ಟಗೆ ಬರುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ವಿಷಯ. 6 ವರ್ಷದ ಹೊತ್ತಿಗೆ ಎಲ್ಲ ಹಾಲುಹಲ್ಲುಗಳ ಹಿಂದೆ ಒಂದು ಶಾಶ್ವತ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬಿದ್ದು ಅದು ಬರುವುದಿಲ್ಲವಾದ್ದರಿಂದ ಅದನ್ನೂ ಹಾಲುಹಲ್ಲೇ ಅಂದುಕೊಳ್ಳುವವರು ಬಹಳ. ಕೀಳಬೇಕಾದ್ದು ಯಾವುದು ಎಂದು ಎಕ್ಸ್‌ರೇಯಲ್ಲಿ ತೋರಿಸಲು ಹೇಳಿ.

ಕಿತ್ತ ಮೇಲೆ ಮಗುವಿನ ತುಟಿ 2ರಿಂದ 4 ಗಂಟೆ ಜೋಮು ಹಿಡಿದಿರುತ್ತದೆ. ಮಕ್ಕಳು ಗೊತ್ತಾಗದೆ ತುಟಿಯನ್ನೇ ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ. ಜೋಮು ಬಿಡುವವರೆಗೂ ಅಗಿಯುವಂಥದ್ದು ಏನೂ ಬೇಡ, ಕಣ್ಣಿಟ್ಟಿರಿ. ನೋವಿಗೆ ಅವಳ ತೂಕಕ್ಕೆ ತಕ್ಕ ಪ್ಯಾರಸಿಟಮಾಲ್ ಸಿರಪ್ ಸಾಕಾಗುತ್ತದೆ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಅಪ್ಪನೂ ಡಾಕ್ಟರನ್ನು ಕೇಳದೆ ಬೇರೆ ನೋವಿನ ಮಾತ್ರೆ ನುಂಗದಿರಲಿ. ರಕ್ತ ತೆಳುವಾಗುವ ಮಾತ್ರೆಯ ಜೊತೆ ಐಬುಪ್ರೊಫೇನ್, ಡೈಕ್ಲೊಫೆನಾಕ್ ಸೇರಿದರೆ ರಕ್ತಸ್ರಾವ ಹೆಚ್ಚಾಗಬಹುದು.

ಇಬ್ಬರೂ ಅರ್ಧದಿಂದ ಮುಕ್ಕಾಲು ಗಂಟೆ ಹತ್ತಿಯನ್ನು ಗಟ್ಟಿಯಾಗಿ ಕಚ್ಚಿಕೊಂಡಿರಲಿ. ಪದೇ ಪದೇ ತೆಗೆದು ನೋಡುವುದು, ಉಗಿಯುವುದು, ಸ್ಟ್ರಾದಲ್ಲಿ ಹೀರುವುದು ಯಾವುದೂ ಬೇಡ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯ ಮಾಯಲು ಬೇಕಾದ್ದು, ಅದು ಕಿತ್ತು ಬರಬಾರದು. ಮೊದಲ ದಿನ ಬಾಯಿ ಮುಕ್ಕಳಿಸಬೇಡಿ. ತಣ್ಣಗಿನ ಗಂಜಿ, ಮೊಸರನ್ನ, ಹಾಲಲ್ಲಿ ನೆನೆಸಿದ ಇಡ್ಲಿ ಕೊಡಿ. ಮಾರನೇ ದಿನದಿಂದ ಉಗುರು ಬೆಚ್ಚಗಿನ ಉಪ್ಪುನೀರು. ಜೊಲ್ಲಿನಲ್ಲಿ ನಸುಗೆಂಪು ಕಂಡರೆ ಹೆದರಬೇಕಾಗಿಲ್ಲ. ಆಮೇಲೆ ಗುಳಿಯ ಮೇಲೆ ಬಿಳಿಹಳದಿ ಪೊರೆ ಕಾಣುತ್ತದೆ. ಅದು ಕೀವಲ್ಲ, ಉಜ್ಜಿ ತೆಗೆಯಬೇಡಿ.

ಅಪ್ಪ ಬೀಡಿ, ಸಿಗರೇಟು, ಗುಟ್ಕಾ ಹಾಕುವವರಾದರೆ ಒಂದು ವಾರವಾದರೂ ಬಿಡಲಿ. ಹೆಪ್ಪು ಹೋಗಿ ಮೂಳೆ ತೆರೆದುಕೊಂಡರೆ ಸಾಮಾನ್ಯವಾಗಿ 2ರಿಂದ 4ನೇ ದಿನದೊಳಗೆ ಕಿವಿಯವರೆಗೂ ಎಳೆಯುವ ನೋವು ಶುರುವಾಗುತ್ತದೆ. ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ. ಗುಳಿ ತೊಳೆದು ಲವಂಗದೆಣ್ಣೆಯ ಅಂಶವಿರುವ ಔಷಧಿ ಇಟ್ಟರೆ ಬೇಗ ತಗ್ಗುತ್ತದೆ, ಅದಕ್ಕೆ ಡಾಕ್ಟರ ಹತ್ತಿರವೇ ಹೋಗಿ.

ಅರ್ಧ ಗಂಟೆ ಬಿಡದೆ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಮೂರನೇ ದಿನ ಕಳೆದ ಮೇಲೂ ಬಾವು ಏರುತ್ತಲೇ ಇದ್ದರೆ ಫೋನ್ ಮಾಡಿ ಕೂಡಲೇ ತೋರಿಸಿ. ಬಾವಿಗೆ ಬಿಸಿ ಶಾಖ ಕೊಡಬೇಡಿ. ನುಂಗಲು, ಉಸಿರಾಡಲು ಕಷ್ಟವಾದರೆ ಅಥವಾ ಬಾವು ಗಂಟಲಿನ ಕಡೆಗೆ ಇಳಿದರೆ ಬೆಳಗಾಗಲಿ ಎಂದು ಕಾಯಬೇಡಿ. ಮಧ್ಯರಾತ್ರಿಯಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.